ಸತ್ತ ಕುದುರೆಯ ಬಾಲ ಮತ್ತು ಮೊದಲ ಕಾರಿನ ಕಂತು

ಆಯುಧಪೂಜೆಯ ಹಿಂದಿನ ದಿನ ಹೊಸಪೇಟೆಯ ಯಾವುದಾದ್ರೂ ಕಾರ್ ಶೋರೂಂ ಮುಂದೆ ಹತ್ತು ನಿಮಿಷ ನಿಂತು ನೋಡಿ. ಬಾಗಿಲಿಗೆ ಬಾಳೆಕಂಬ, ಚೆಂಡುಹೂವಿನ ಮಾಲೆ. ಒಳಗೆ ಸಾಲಾಗಿ ನಿಂತ ಹೊಸ ಕಾರುಗಳು. ಬಾನೆಟ್ ಮೇಲೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಕೀಲಿ ಕೈಗೆ ಬರುವ ಹೊತ್ತಿಗೆ ಅಪ್ಪನ ಕಣ್ಣಲ್ಲಿ ನೀರು, ಮಗನ ಕೈಯಲ್ಲಿ ಮೊಬೈಲು. 2025ರಲ್ಲಿ ಈ ಸಡಗರ ಇನ್ನೂ ಒಂದು ಕೈ ಹೆಚ್ಚಾಗಿತ್ತು. ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರು. ಅದೇ ದಿನ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಇಷ್ಟು ದಿನ ಬೈಕಿನಲ್ಲೇ ಮೂವರನ್ನು ಕೂರಿಸಿಕೊಂಡು ಓಡಾಡುತ್ತಿದ್ದ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಆ ಮಾತು ಬಂತು: ಈ ಸಲ ಕಾರು ತಗೊಂಡುಬಿಡೋಣ್ವಾ?

ತಗೊಳ್ಳಿ. ಬೇಡ ಅನ್ನೋಕೆ ನಾನು ಯಾರು? ಆದರೆ ತಗೊಳ್ಳೋಕೆ ಮುಂಚೆ ಒಂದು ಕಥೆ ಕೇಳಿ. ಆ ಶೋರೂಂನಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ದೂರದಲ್ಲಿ, ಹಂಪಿಯಲ್ಲಿ, ಕಲ್ಲಿನ ಮೇಲೆ ಕೊರೆದಿಟ್ಟ ಕಥೆ.

ಮಹಾನವಮಿ ದಿಬ್ಬದ ಗೋಡೆಯನ್ನು ಹತ್ತಿರದಿಂದ ನೋಡಿದ್ದೀರಾ? ಮೇಲೆ ಹತ್ತಿ ಫೋಟೊ ತೆಗೆಸಿಕೊಂಡು ಇಳಿಯುವವರೇ ಹೆಚ್ಚು. ಕೆಳಗಿನ ಪಟ್ಟಿಕೆಗಳಲ್ಲಿ ಕುದುರೆಗಳಿವೆ. ಸಾಲು ಸಾಲು ಕುದುರೆ. ಅವುಗಳ ಲಗಾಮು ಹಿಡಿದು ಬರುತ್ತಿರುವವರಲ್ಲಿ ಗಡ್ಡ ಬಿಟ್ಟ, ಬೇರೆಯದೇ ವೇಷದ ಪರದೇಶಿಗಳೂ ಇದ್ದಾರೆ. ಹಜಾರರಾಮ ದೇವಸ್ಥಾನದ ಹೊರಗೋಡೆಯಲ್ಲೂ ಅದೇ ಮೆರವಣಿಗೆ. ವಿಠ್ಠಲ ದೇವಸ್ಥಾನದ ಬೀದಿಯಲ್ಲಿ ಕುದುರೆಗೊಂಬೆ ಮಂಟಪ ಅಂತಲೇ ಒಂದು ಮಂಟಪ ಇದೆ. ಗೈಡ್‌ಗಳು ಆ ಬೀದಿಯನ್ನು ಕುದುರೆ ಸಂತೆಯ ಬೀದಿ ಅಂತ ತೋರಿಸುತ್ತಾರೆ. ಇವತ್ತು ಆ ಬೀದಿಗೆ ನಿಮ್ಮ ಕಾರು ಬಿಡೋದಿಲ್ಲ. ಗೆಜ್ಜಲ ಮಂಟಪದ ಹತ್ತಿರ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲಾ ನಡೀಬೇಕು. ಆದರೆ ಐನೂರು ವರ್ಷದ ಹಿಂದೆ ಈ ಊರು ವಾಹನದ ವ್ಯಾಪಾರದಲ್ಲಿ ಇಡೀ ದಕ್ಷಿಣ ಭಾರತಕ್ಕೆ ದೊಡ್ಡಣ್ಣ. ಅವತ್ತಿನ ವಾಹನ ಅಂದ್ರೆ ಕುದುರೆ.

ಆಯುಧಪೂಜೆಗೂ ಅದಕ್ಕೂ ನೇರ ನಂಟಿದೆ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸಿಂಗರಿಸಿದ ಕುದುರೆಗಳು ಸಾಲಾಗಿ ಬರುತ್ತವೆ. ಮುಂದಿನ ಪಟ್ಟದ ಕುದುರೆಗೆ ಎರಡು ಛತ್ರಿ. ಪುರೋಹಿತರು ತೆಂಗಿನಕಾಯಿ, ಅಕ್ಕಿ, ಹೂವು ಇಟ್ಟ ಪಾತ್ರೆ ಹಿಡಿದು ಕುದುರೆಗಳ ಸುತ್ತ ಬರುತ್ತಾರೆ. ಈಗ ಹೇಳಿ, ನಿಮ್ಮ ಹೊಸ ಕಾರಿಗೆ ಪೂಜಾರಪ್ಪ ಮಾಡೋದು ಇನ್ನೇನು? ಕುದುರೆ ಹೋಗಿ ಕಾರು ಬಂತು, ಪೂಜೆ ಹಾಗೇ ಉಳೀತು.

ಪೂಜೆ ಮಾತ್ರ ಅಲ್ಲ, ವ್ಯಾಪಾರದ ಪಟ್ಟುಗಳೂ ಉಳಿದಿವೆ. ನಾನು ಹೇಳೋಕೆ ಹೊರಟಿದ್ದು ಅದನ್ನ.

ವಿಜಯನಗರಕ್ಕೆ ಕುದುರೆ ಬೇಕೇ ಬೇಕಿತ್ತು. ಉತ್ತರದಲ್ಲಿ ಬಹಮನಿಗಳು, ಆಮೇಲೆ ಬಿಜಾಪುರದ ಆದಿಲಶಾಹಿಗಳು. ಅವರ ಬಲ ಇದ್ದದ್ದೇ ಕುದುರೆ ದಂಡಿನಲ್ಲಿ. ಇವರ ಹತ್ತಿರ ಕುದುರೆ ಇಲ್ಲದಿದ್ದರೆ ರಾಜ್ಯ ಉಳಿಯೋದಿಲ್ಲ. ನಮ್ಮ ನೆಲದಲ್ಲಿ ಹುಟ್ಟುವ ನಾಡಕುದುರೆ ಯುದ್ಧಕ್ಕೆ ಅಷ್ಟಕ್ಕಷ್ಟೆ. ಒಳ್ಳೆ ಕುದುರೆ ಬರಬೇಕಾದ್ದು ಅರಬ್ ದೇಶದಿಂದ, ಪರ್ಷಿಯಾದಿಂದ, ಹೊರ್ಮುಜ್ ಬಂದರಿನ ಮೂಲಕ, ಹಡಗಿನಲ್ಲಿ. ಭಟ್ಕಳ, ಹೊನ್ನಾವರ, ಗೋವಾ ಬಂದರುಗಳಲ್ಲಿ ಇಳಿಸಿ, ಘಟ್ಟ ಹತ್ತಿಸಿ ಇಲ್ಲಿಯವರೆಗೆ ನಡೆಸಿಕೊಂಡು ಬರಬೇಕು. ಕೃಷ್ಣದೇವರಾಯ ತೆಲುಗಿನಲ್ಲಿ ಬರೆದ ‘ಆಮುಕ್ತಮಾಲ್ಯದ’ದಲ್ಲೇ ಒಂದು ರಾಜನೀತಿ ಇದೆ. ದೂರದೇಶದಿಂದ ಆನೆ, ಕುದುರೆ ತರುವ ವರ್ತಕರನ್ನು ರಾಜ ಚೆನ್ನಾಗಿ ನೋಡಿಕೊಳ್ಳಬೇಕು, ಅವರ ಸರಕು ಶತ್ರುವಿನ ಕೈ ಸೇರಬಾರದು ಅಂತ.

ವಾಹನ ಇಲ್ಲದೆ ಬದುಕೇ ಇಲ್ಲ ಅಂತ ಕೊಳ್ಳೋನಿಗೆ ಅನ್ನಿಸಿಬಿಟ್ಟರೆ ಮಾರೋನು ಏನು ಮಾಡ್ತಾನೆ? ಅದು ಗೊತ್ತಾಗಬೇಕಾದ್ರೆ ಇನ್ನೊಬ್ಬ ಪೋರ್ಚುಗೀಸನ ಬರಹ ಓದಬೇಕು. ಅವನ ಹೆಸರು ಫೆರ್ನಾವೊ ನೂನಿಜ್. ಇವನು ಬರೀ ಪ್ರವಾಸಿ ಅಲ್ಲ, ಸ್ವತಃ ಕುದುರೆ ವ್ಯಾಪಾರಿ. 1530ರ ದಶಕದಲ್ಲಿ, ಅಚ್ಯುತರಾಯನ ಕಾಲದಲ್ಲಿ, ಇಲ್ಲಿದ್ದವನು. ಹಳೆಯ ದೊರೆ ಸಾಳುವ ನರಸಿಂಹನ ಬಗ್ಗೆ ಅವನು ಒಂದು ವಿಷಯ ದಾಖಲಿಸುತ್ತಾನೆ. ನರಸಿಂಹ ಕುದುರೆಗಳನ್ನು ಸಾವಿರ ಪರದಾವ್‌ಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಪರದಾವ್ ಅಂದ್ರೆ ಪೋರ್ಚುಗೀಸರು ನಮ್ಮ ವರಾಹಕ್ಕೆ ಇಟ್ಟ ಹೆಸರು, ಚಿನ್ನದ ನಾಣ್ಯ. ಕುದುರೆ ಬದುಕಿದ್ದರೂ ಅದೇ ಬೆಲೆ, ಸತ್ತಿದ್ದರೂ ಅದೇ ಬೆಲೆ! ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಪೂರ್ತಿ ಹಣ.

ಬಾಲಕ್ಕೆ ಪೂರ್ತಿ ಹಣ. ಸ್ವಲ್ಪ ಯೋಚನೆ ಮಾಡಿ ನೋಡಿ. ಬಿರುಗಾಳಿಗೆ ಸಿಕ್ಕಿ ಸತ್ತರೂ, ನೀರು ಸಾಲದೆ ಸತ್ತರೂ, ವ್ಯಾಪಾರಿಯ ಅಸಡ್ಡೆಯಿಂದ ಸತ್ತರೂ ನಷ್ಟ ಕೊಳ್ಳೋನದ್ದು. ಇದಕ್ಕೂ ಇನ್ನೂರು ವರ್ಷ ಮುಂಚೆ, ಹದಿಮೂರನೇ ಶತಮಾನದ ಕೊನೆಗೆ, ಮಾರ್ಕೊ ಪೋಲೊ ಪಾಂಡ್ಯರ ನಾಡಿನ ಬಗ್ಗೆ ಬರೆಯುತ್ತಾ ಇನ್ನೊಂದು ಗುಟ್ಟು ಬಿಚ್ಚಿಟ್ಟಿದ್ದ. ಅಲ್ಲಿ ಕುದುರೆಯ ಆರೈಕೆ ಬಲ್ಲವರೇ ಇರಲಿಲ್ಲ. ಕುದುರೆ ತರುವ ವ್ಯಾಪಾರಿಗಳೇ ಅಂಥ ಕಸುಬುದಾರರು ಬಾರದ ಹಾಗೆ ನೋಡಿಕೊಳ್ಳುತ್ತಿದ್ದರು. ಯಾಕೆ ಹೇಳಿ? ಕುದುರೆ ಬೇಗ ಸಾಯಲಿ, ಮುಂದಿನ ವರ್ಷ ಮತ್ತೆ ಕೊಳ್ಳಲಿ ಅಂತ! ಗಾಡಿ ಮಾರೋನೇ ಸರ್ವೀಸು, ಬಿಡಿಭಾಗ ಎರಡನ್ನೂ ಕೈಯಲ್ಲಿ ಇಟ್ಟುಕೊಂಡರೆ ಏನಾಗುತ್ತೆ ಅನ್ನೋದು ಏಳುನೂರು ವರ್ಷ ಹಳೆಯ ಪಾಠ.

ಹಾಗಾದ್ರೆ ವಿಜಯನಗರದ ದೊರೆಗಳು ದಡ್ಡರಾ? ಇಲ್ಲ. ಕಥೆಯ ಅಸಲಿ ಭಾಗ ಈಗ ಬರುತ್ತೆ.

ತನ್ನ ಕಾಲದ ದೊರೆ ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜ್ ಕುದುರೆಗಳನ್ನೂ ಜೊತೆಗೆ ನಾಡಕುದುರೆಗಳನ್ನೂ ಕೊಳ್ಳುತ್ತಿದ್ದ ಅಂತ ನೂನಿಜ್ ಹೇಳುತ್ತಾನೆ. ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದದ್ದನ್ನು ತನ್ನ ನಾಯಕರಿಗೆ ಕೊಡುತ್ತಿದ್ದ. ಕೊಡುತ್ತಿದ್ದ ಅಂದ್ರೆ ಬಿಟ್ಟಿ ಅಲ್ಲ. ನಾಡಕುದುರೆಯನ್ನು ಸಾವಿರ ಪರದಾವ್‌ಗೆ ಐದರಂತೆ ಅವರ ತಲೆಗೆ ಕಟ್ಟುತ್ತಿದ್ದ. ಆ ದುಡ್ಡನ್ನು ಅವರು ಸೆಪ್ಟೆಂಬರ್ ತಿಂಗಳೊಳಗೆ ಕಟ್ಟಲೇಬೇಕು. ಹೌದು, ಸೆಪ್ಟೆಂಬರ್. ಆ ದುಡ್ಡಿನಲ್ಲೇ ಪೋರ್ಚುಗೀಸರಿಂದ ಕೊಂಡ ಅರಬ್ಬಿ ಕುದುರೆಗಳ ಬಾಕಿ ತೀರುತ್ತಿತ್ತು. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುತ್ತಿರಲಿಲ್ಲ ಅಂತ ನೂನಿಜ್ ಲೆಕ್ಕ ಒಪ್ಪಿಸುತ್ತಾನೆ. ಅವನು ವ್ಯಾಪಾರಿ ನೋಡಿ, ದುಡ್ಡು ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದನ್ನ ತಪ್ಪದೆ ಬರೀತಾನೆ.

ನಾಯಕರು ಎಲ್ಲಿಂದ ತಂದರು? ಅವರಿಗೆ ಸೀಮೆಗಳಿದ್ದವು, ಸೀಮೆಗಳಲ್ಲಿ ರೈತರಿದ್ದರು. ರೈತರು ಬೆಳೆದದ್ದರಲ್ಲಿ ಬಹುಪಾಲು ಒಡೆಯರಿಗೇ ಹೋಗುತ್ತಿತ್ತು ಅಂತಲೂ ಅದೇ ನೂನಿಜ್ ಬರೆದಿದ್ದಾನೆ. ಈಗ ಸರಪಳಿ ನೋಡಿ. ವ್ಯಾಪಾರಿಗೆ ನಷ್ಟ ಇಲ್ಲ, ಬಾಲ ಇದೆ. ದೊರೆಗೆ ನಷ್ಟ ಇಲ್ಲ, ನಾಯಕ ಇದ್ದಾನೆ. ನಾಯಕನಿಗೆ ರೈತ ಇದ್ದಾನೆ. ರೈತನ ಕೆಳಗೆ ಯಾರೂ ಇಲ್ಲ. ಸಮುದ್ರದ ನಡುವೆ ಸತ್ತ ಕುದುರೆಯ ಬೆಲೆ ಕಟ್ಟಿದವನು ಆ ಕುದುರೆಯನ್ನು ಒಂದು ದಿನವೂ ಕಾಣದವನು.

ಮುಂದೆ 1547ರಲ್ಲಿ ಸದಾಶಿವರಾಯನ ಹೆಸರಿನಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದವೇ ಆಯಿತು. ಗೋವಾಕ್ಕೆ ಬರುವ ಕುದುರೆ ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕಿಲ್ಲ. ಅದಾಗಿ ಹದಿನೆಂಟೇ ವರ್ಷಕ್ಕೆ, 1565ರಲ್ಲಿ, ತಾಳಿಕೋಟೆ ಯುದ್ಧ. ಅಷ್ಟು ಕುದುರೆ ಇದ್ದರೂ ರಾಜಧಾನಿ ಉಳಿಯಲಿಲ್ಲ.

ಇಷ್ಟು ಹಳೆಯ ಕಥೆ ಯಾಕೆ ಹೇಳಿದೆ ಅಂದ್ರೆ, ಇದೇ ಸರಪಳಿಯನ್ನು ನಾವು ನಮ್ಮ ಕಣ್ಣೆದುರೇ ಇನ್ನೊಮ್ಮೆ ನೋಡಿದ್ದೇವೆ. ಜಾಗವೂ ಅದೇ. ಆದರೆ ಅಲ್ಲಿಗೆ ಹೋಗುವ ಮುಂಚೆ ಕುದುರೆ ಹೋಗಿ ಕಾರು ಬಂದದ್ದು ಹೇಗೆ ಅಂತ ಎರಡು ಮಾತು.

ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರು ತಂದ. ವರ್ಷ ವರ್ಷ ಬೆಲೆ ಇಳಿಸುತ್ತಾ ಹೋದ. ಅಗ್ಗದ ಕಾರಿಗೆ ಜನ ತಾವಾಗಿಯೇ ಬರ್ತಾರೆ ಅಂತ ಅವನ ನಂಬಿಕೆ. ಎದುರಾಳಿ ಜನರಲ್ ಮೋಟಾರ್ಸ್ ಬೇರೆ ದಾರಿ ಹಿಡಿಯಿತು. 1919ರಲ್ಲಿ ಕಾರು ಸಾಲ ಕೊಡೋಕೆ ಅಂತಲೇ ಒಂದು ಕಂಪನಿ ಶುರು ಮಾಡಿತು. ಈಗ ಸ್ವಲ್ಪ ಕೊಡಿ, ಕಾರು ಒಯ್ಯಿರಿ, ಉಳಿದದ್ದು ತಿಂಗಳು ತಿಂಗಳು. ಸಾಲ ಅಂದ್ರೆ ಆಗದ ಫೋರ್ಡ್ 1923ರಲ್ಲಿ ನಮ್ಮ ಚೀಟಿಯಂಥದ್ದೊಂದು ಯೋಜನೆ ತಂದ. ವಾರ ವಾರ ದುಡ್ಡು ಕಟ್ಟಿ, ಪೂರ್ತಿ ಆದ ಮೇಲೆ ಕಾರು. ಜನ ಒಪ್ಪಲಿಲ್ಲ. ಮೊದಲು ಕಾರು ಬೇಕು, ಆಮೇಲೆ ದುಡ್ಡು. 1928ಕ್ಕೆ ಫೋರ್ಡ್ ಕೂಡ ಕಂತಿನ ದಾರಿಗೇ ಬಂದ. ಇವತ್ತು ನಮ್ಮ ಶೋರೂಂಗಳಲ್ಲಿ ಸಾಲದವನಿಗೂ ಒಂದು ಮೇಜು ಇರುತ್ತಲ್ಲ, ಅದರ ಬೇರು ಅಲ್ಲಿದೆ.

ನಮ್ಮಲ್ಲಿ ಆ ಮೇಜು ಬಂದದ್ದು ತಡವಾಗಿ. ಅಂಬಾಸಡರ್, ಫಿಯೆಟ್ ಕಾಲದಲ್ಲಿ ದುಡ್ಡಿದ್ದರೂ ಕಾರು ಸಿಗುತ್ತಿರಲಿಲ್ಲ. ಅಡ್ವಾನ್ಸ್ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸು. ತೊಂಬತ್ತರ ದಶಕದಲ್ಲಿ ಕಾರು ಉದ್ಯಮದ ಲೈಸೆನ್ಸ್ ಕಟ್ಟು ಸಡಿಲವಾಯಿತು, ಕಂಪನಿಗಳು ಬಂದವು, ಬ್ಯಾಂಕುಗಳು ಸಾಲದ ಬಾಗಿಲು ತೆರೆದವು. ಆ ಹೊತ್ತಿಗೆ ಸರಿಯಾಗಿ ಹೊಸಪೇಟೆ, ಸಂಡೂರಿನ ಕೆಂಪು ಗುಡ್ಡಗಳ ಮೇಲೆ ಲೋಕದ ಕಣ್ಣು ಬಿತ್ತು.

ಸಂಡೂರಿಗೆ ಗಣಿ ಹೊಸದಲ್ಲ. ಘೋರ್ಪಡೆ ಮನೆತನದ ಸಂಸ್ಥಾನ ಅದು. ಸಂಸ್ಥಾನ ಹೋದ ಮೇಲೆ 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾಯಿತು. 1977ರ ಹೊತ್ತಿಗೆ ಕೇಂದ್ರ ಸರ್ಕಾರದ ಎನ್‌ಎಂಡಿಸಿ ದೋಣಿಮಲೈನಲ್ಲಿ ಅದಿರು ತೆಗೆಯತೊಡಗಿತು. ಅಲ್ಲಿಯವರೆಗೆ ಅದು ಸಂಬಳದ ಗಣಿ. ತಿಂಗಳಾದರೆ ಸಂಬಳ, ಹಬ್ಬಕ್ಕೆ ಬೋನಸ್. 2003ರ ನಂತರ ಅದು ಬೇರೆಯೇ ಆಯಿತು. ರಾಜ್ಯ ಸರ್ಕಾರ ಮೀಸಲಾಗಿದ್ದ ದೊಡ್ಡ ಪ್ರದೇಶವನ್ನು ಖಾಸಗಿ ಗಣಿಗೆ ತೆರೆಯಿತು. ಚೀನಾ ಬೀಜಿಂಗ್ ಒಲಿಂಪಿಕ್ಸ್‌ಗೆ ಸಿದ್ಧವಾಗುತ್ತಿತ್ತು, ಉಕ್ಕು ಎಷ್ಟಿದ್ದರೂ ಅದಕ್ಕೆ ಸಾಲದು. ಅದಿರಿನ ಬೆಲೆ ಆಕಾಶಕ್ಕೆ ಹೋಯಿತು.

ಆ ದಿನಗಳ ಹೆಲಿಕಾಪ್ಟರ್, ಬಂಗಲೆ, ಚಿನ್ನದ ಕಥೆ ನಿಮಗೆಲ್ಲ ಗೊತ್ತು. ನಾನು ಹೇಳ್ತಿರೋದು ಲಾರಿ ಕಥೆ.

ಅದಿರು ಬಂದರಿಗೆ ಹೋಗಬೇಕು. ಹೊಸಪೇಟೆಯಿಂದ ಹುಬ್ಬಳ್ಳಿ, ಅರಬೈಲು ಘಟ್ಟ ಇಳಿದು ಅಂಕೋಲಾ, ಬೇಲೆಕೇರಿ. ಕರಾವಳಿಯಿಂದ ಘಟ್ಟ ಹತ್ತಿ ಒಂದು ಕಾಲದಲ್ಲಿ ಕುದುರೆ ಬರುತ್ತಿತ್ತು. ಈಗ ಘಟ್ಟ ಇಳಿದು ಅದೇ ಕರಾವಳಿಗೆ ಮಣ್ಣು ಹೋಗುತ್ತಿತ್ತು. ಹಗಲು ರಾತ್ರಿ ಲಾರಿ. ಮನೆಯೊಳಗಿನ ಅನ್ನದ ತಟ್ಟೆಯ ಮೇಲೂ ಕೆಂಪು ಧೂಳು. ಹೊಲದಲ್ಲಿ ಬೆಳೆ ಬರಲಿಲ್ಲ ಅಂತ ಹೊಲ ಮಾರಿದವರು ಲಾರಿ ಕೊಂಡರು. ಡ್ರೈವರ್ ಆಗಿದ್ದವನು ಓನರ್ ಆದ. ಒಂದು ಲಾರಿ ಇದ್ದವನು ಎರಡು ಮಾಡಿದ. ಎಷ್ಟೋ ಮನೆಗಳಲ್ಲಿ ಮೊದಲು ಬಂದ ನಾಲ್ಕು ಚಕ್ರದ ಗಾಡಿ ಕಾರು ಅಲ್ಲವೇ ಅಲ್ಲ, ಹತ್ತು ಚಕ್ರದ ಲಾರಿ. ಲಾರಿ ದುಡಿದು ಕಾರು ತಂತು. ಕೆಎ 35 ನಂಬರಿನ ಬಿಳಿ ಕಾರು ಮನೆ ಮುಂದೆ ನಿಂತರೆ ಹೆಣ್ಣು ಕೊಡೋರು ಹುಡುಕಿಕೊಂಡು ಬರುತ್ತಿದ್ದ ಕಾಲ. ಲಾರಿಗೂ ಸಾಲ, ಕಾರಿಗೂ ಸಾಲ, ಎರಡಕ್ಕೂ ಆಧಾರ ಒಂದೇ: ಗುಡ್ಡದಿಂದ ಬರುವ ಟ್ರಿಪ್ಪು.

2008ರ ಡಿಸೆಂಬರ್‌ನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಮೊದಲ ವರದಿ ಕೊಟ್ಟರು. 2009ರಲ್ಲಿ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟ್‌ಗೆ ಹೋಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಆದೇಶ ಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಾಡು ಹೋಗುತ್ತಿತ್ತು, ನೀರು ಕೆಡುತ್ತಿತ್ತು, ರಾಜ್ಯದ ಗಡಿಯ ಗುರುತೇ ಅಳಿಸಿಹೋಗುತ್ತಿತ್ತು. ಆದರೆ ಆದೇಶ ಬಂದ ಮರುದಿನ ಬೆಳಗ್ಗೆ ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ.

ಸಂಡೂರು ರಸ್ತೆಯ ಒಂದು ಹೋಟೆಲಿನಲ್ಲಿ, ಚುನಾವಣೆ ವರದಿಗೆ ಹೋಗಿದ್ದಾಗ, ನಡುವಯಸ್ಸಿನ ಒಬ್ಬರು ಮಾತಿಗೆ ಸಿಕ್ಕರು. ‘ಗಾಡಿ ಚಲೋ ಇತ್ರಿ ಸರ. ಎಂಜಿನ್ ಗಟ್ಟಿ, ಟಯರ್ ಹೊಸಾವು. ಏನೂ ಆಗಿದ್ದಿಲ್ಲ ಅದಕ್ಕ. ಬಾಡಿಗಿನ ಇಲ್ಲದಂಗಾತು’ ಅಂದರು. ಫೈನಾನ್ಸಿನವರು ಲಾರಿ ಒಯ್ದರು, ಹರಾಜು ಹಾಕಿದರು. ಆ ಹೊತ್ತಿಗೆ ನೂರಾರು ಲಾರಿ ಹರಾಜಿಗೆ ಬಂದಿದ್ದವು, ಬೆಲೆ ಬರಲಿಲ್ಲ. ಬಾಕಿ ಉಳಿದದ್ದಕ್ಕೆ ಇವರಿಗೂ ನೋಟಿಸು, ಜಾಮೀನು ಹಾಕಿದ್ದ ಷಡ್ಡಕನಿಗೂ ನೋಟಿಸು. ‘ಎರಡನೇ ಚಾವಿ ಇನ್ನಾ ಮನ್ಯಾಗ ಐತ್ರಿ’ ಅಂತ ನಕ್ಕರು. ಷಡ್ಡಕನ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಆಯ್ತು ಅಂತ ಹೇಳುವಾಗ ಮಾತ್ರ ನಗಲಿಲ್ಲ.

ನೂನಿಜ್ ಬರೆದ ಬಾಲ ನನಗೆ ನೆನಪಾದದ್ದು ಅಲ್ಲಿ. ಇಲ್ಲೂ ಸರಪಳಿ ಅದೇ. ಅದಿರು ಮಾರಿದ ದೊಡ್ಡವರು ಸಿಕ್ಕಷ್ಟು ಬಾಚಿಕೊಂಡಿದ್ದರು. ಸಾಲ ಕೊಟ್ಟವರಿಗೆ ಲಾರಿ ಇತ್ತು, ಲಾರಿ ಸಾಲದಿದ್ದರೆ ಸಹಿ ಇತ್ತು. ಕಟ್ಟಕಡೆಗೆ ಸಿಕ್ಕಿಕೊಂಡವನು ಲಾರಿಯನ್ನು ಒಂದು ದಿನವೂ ಓಡಿಸದ ಆ ಷಡ್ಡಕ. 1872ರ ಕರಾರು ಕಾಯ್ದೆಯ 128ನೇ ಕಲಂ ಅದನ್ನೇ ಹೇಳುತ್ತದೆ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ.

ಇನ್ನೊಂದು ವಿಷಯ ಗಮನಿಸಿ. ಲಾರಿ ಕಳುವಾಗಿದ್ದರೆ ವಿಮೆ ಬರುತ್ತಿತ್ತು. ಪಲ್ಟಿ ಹೊಡೆದಿದ್ದರೂ ಬರುತ್ತಿತ್ತು. 2011ರಲ್ಲಿ ಗಾಡಿ ಸಾಯಲಿಲ್ಲ, ಬಾಡಿಗೆ ಸತ್ತಿತು. ಬಾಡಿಗೆ ಸತ್ತಿದ್ದಕ್ಕೆ ಗಾಡಿಯ ವಿಮೆಯಲ್ಲಿ ಒಂದು ರೂಪಾಯಿಯೂ ಇಲ್ಲ. ಗಣಿಗಳು 2012ರ ಕೊನೆಯ ಭಾಗದಿಂದ ಒಂದೊಂದಾಗಿ ತೆರೆದವು, ಮಿತಿ ಹಾಕಿಕೊಂಡು. ರಫ್ತಿನ ನಿಷೇಧ ತೆರವಾದದ್ದು 2022ರ ಮೇ ತಿಂಗಳಲ್ಲಿ. ಯಾವ ಕಂತು ಅಷ್ಟು ವರ್ಷ ಕಾಯುತ್ತೆ?

ಅದು ಗಣಿ, ನಮ್ಮದು ವ್ಯವಸಾಯ ಅಂತ ಕಂಪ್ಲಿ ಕಡೆಯವರು ಹೇಳಬಹುದು. ಸರಿ, ಕಂಪ್ಲಿಗೇ ಹೋಗೋಣ. ಕುಮಾರರಾಮನ ಸೀಮೆ, ತುಂಗಭದ್ರೆಯ ದಂಡೆ, ಭತ್ತದ ಗದ್ದೆ, ಬಾಳೆ, ಕಬ್ಬು. ವಿಜಯನಗರದ ಕಾಲುವೆಯೂ ಉಂಟು, ಡ್ಯಾಮಿನ ಕಾಲುವೆಯೂ ಉಂಟು. ಅಲ್ಲಿ ಮನೆಗೆ ಮೊದಲು ಬರೋದು ಟ್ರ್ಯಾಕ್ಟರ್, ಆಮೇಲೆ ಕಾರು. ಎರಡು ಬೆಳೆ ಚೆನ್ನಾಗಿ ಬಂದ ವರ್ಷ ಕಾರಿನ ಮಾತು ಶುರುವಾಗುತ್ತೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನಿಂದ ಹತ್ತಾರು ಟಿಎಂಸಿ ನೀರು ಹೊಳೆಗೆ ಹೋಯಿತು. ಒಂದು ವಾರದ ಆಸುಪಾಸಿನಲ್ಲಿ, ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಆ ಹರಿಯುವ ನೀರಿನಲ್ಲಿ ನಿಂತು ಕೆಲಸ ಮಾಡಿದವರಿಗೆಲ್ಲ ಕೈ ಮುಗಿಯಬೇಕು. ಆ ವರ್ಷ ಮಳೆ ಕೈಹಿಡಿಯಿತು, ಡ್ಯಾಮಿಗೆ ಮತ್ತೆ ನೀರು ಬಂತು. ಆದರೆ ಆ ಒಂದು ವಾರ ಕಂಪ್ಲಿಯ ರೈತ ನಿದ್ದೆ ಮಾಡಲಿಲ್ಲ. ಎರಡನೇ ಬೆಳೆಗೆ ನೀರು ಇದ್ಯೋ ಇಲ್ವೋ? ಗೊಬ್ಬರದಂಗಡಿ ಬಾಕಿ ಹೇಗೆ? ಮನೆ ಮುಂದೆ ನಿಂತ ಕಾರಿನ ಕಂತು ಹೇಗೆ? ಬೆಳೆ ಬರೋದು ವರ್ಷಕ್ಕೆ ಒಂದು ಸಲ, ಎರಡು ಸಲ. ಕಂತು ಬರೋದು ಹನ್ನೆರಡು ಸಲ. ಎಪ್ಪತ್ತು ವರ್ಷ ಹಳೆಯ ಒಂದು ಚೈನು ತುಂಡಾಗಿದ್ದಕ್ಕೂ ನಿಮ್ಮ ಕಾರಿಗೂ ಸಂಬಂಧ ಇದೆ ಅಂತ ಯಾವ ಶೋರೂಂನವನೂ ಹೇಳೋದಿಲ್ಲ.

ಈಗ ನಿಮ್ಮ ಮೊದಲ ಕಾರಿಗೆ ಬರೋಣ. ಶೋರೂಂನಲ್ಲಿ ಅವರು ಕೇಳೋದು, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಸರ್ ಅಂತ. ಅದು ಅವರ ಪ್ರಶ್ನೆ. ಲೆಕ್ಕ ಹೀಗಿದೆ. ಆರು ಲಕ್ಷ ಸಾಲ, ವರ್ಷಕ್ಕೆ ಶೇ 9 ಬಡ್ಡಿ. ಐದು ವರ್ಷಕ್ಕೆ ತಗೊಂಡರೆ ತಿಂಗಳ ಕಂತು ಸುಮಾರು 12,450 ರೂಪಾಯಿ, ಒಟ್ಟು ಬಡ್ಡಿ ಸುಮಾರು 1.47 ಲಕ್ಷ. ಏಳು ವರ್ಷಕ್ಕೆ ತಗೊಂಡರೆ ಕಂತು ಸುಮಾರು 9,650ಕ್ಕೆ ಇಳಿಯುತ್ತೆ, ಬಡ್ಡಿ 2.1 ಲಕ್ಷ ದಾಟುತ್ತೆ. ಕಂತು ಸಣ್ಣದಾಯ್ತು ಅಂತ ಖುಷಿಪಡ್ತೀವಿ. ಅರವತ್ತು ಸಾವಿರಕ್ಕೂ ಹೆಚ್ಚು ಜಾಸ್ತಿ ಹೋಯ್ತು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಯ ಆದಾಯ ಎರಡು ವರ್ಷ ಹೆಚ್ಚು ಕಾಲ ಒತ್ತೆ ಬಿತ್ತು. ಆರು ಲಕ್ಷ ಸಾಲ ಮಾಡಿದವನು ಏಳು ವರ್ಷದ ಕಂತಿನಲ್ಲಿ ಮೂರು ವರ್ಷ ತಪ್ಪದೆ ಕಟ್ಟಿದರೂ ಇನ್ನೂ 3.88 ಲಕ್ಷದಷ್ಟು ಅಸಲು ಬಾಕಿ. ಮೂರು ವರ್ಷ ದಾಟಿದ ಕಾರಿಗೆ ವಿಮೆ ಕಂಪನಿ ಶೇ 40ರಷ್ಟು ಸವಕಳಿ ಕಳೆದು ಬೆಲೆ ಕಟ್ಟುತ್ತೆ. ಇದರ ಮೇಲೆ ರಸ್ತೆಗೆ ಇಳಿಯುವ ಮುಂಚೆಯೇ ಕರ್ನಾಟಕದಲ್ಲಿ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್, ವಿಮೆ. ಶೋರೂಂ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಇರೋ ಬೆಲೆಯೇ ಬೇರೆ, ನಿಮ್ಮ ಜೇಬಿನಿಂದ ಹೋಗೋದೇ ಬೇರೆ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕಾರು ಚೆನ್ನಾಗಿಯೇ ಇದ್ದು ದುಡಿಮೆ ನಿಂತರೆ ಈ ಸಾಲ ಯಾರ ತಲೆಗೆ? ತೋರಣಗಲ್ಲಿನ ಕಾರ್ಖಾನೆಯಲ್ಲಿ ಕಾಯಂ ಸಂಬಳ ಇರುವವರ ಉತ್ತರ ಒಂದು. ಹಂಪಿಯಲ್ಲಿ ಟ್ಯಾಕ್ಸಿಗೆ ಬಿಡೋಕೆ ಅಂತ ಕಾರು ಕೊಳ್ಳುವ ಹುಡುಗನ ಉತ್ತರ ಇನ್ನೊಂದು. ಕೊರೊನಾ ಬಂದ 2020ರಲ್ಲಿ ಪ್ರವಾಸಿಗರೇ ಇಲ್ಲದ ಹಂಪಿಯನ್ನು ಅವನು ನೋಡಿದ್ದಾನೆ. ಕಂಪ್ಲಿಯ ಭತ್ತದ ರೈತನ ಉತ್ತರ ಮತ್ತೊಂದು. ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ತೆಗೆದಿಟ್ಟು ಕಾರು ಕೊಳ್ಳೋಕೆ ಆಗುತ್ತಾ? ಆದರೆ ಇವತ್ತೇ ತಗೊಳ್ಳಿ. ಆಗದಿದ್ದರೆ ಮುಂದಿನ ದಸರಾವರೆಗೆ ಆ ಕಂತನ್ನೇ ತಿಂಗಳು ತಿಂಗಳು ಬ್ಯಾಂಕಿಗೆ ಹಾಕಿ ನೋಡಿ. ಹಾಕೋಕೆ ಆಯ್ತು ಅಂದ್ರೆ ಕಾರು ನಿಮ್ಮದೇ, ಮುಂಗಡವೂ ಕೂಡಿರುತ್ತೆ. ಯಾವುದಾದರೂ ತಿಂಗಳು ತಪ್ಪಿತು ಅಂದ್ರೆ ಪುಕ್ಕಟೆ ಪಾಠ ಆಯ್ತು.

ಜಾಮೀನು ಕೇಳಿದರೆ, ಹಾಕುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲಿನ ಲೆಕ್ಕ ಪೂರ್ತಿ ತೋರಿಸಿ. ‘ಸುಮ್ನೆ ಒಂದು ಸಹಿ ಮಾವ’ ಅನ್ನಬೇಡಿ. ಸುಮ್ನೆ ಸಹಿ ಅನ್ನೋದು ಇಲ್ಲ. ಸಾಲ ತೀರಿದ ದಿನ ಎನ್‌ಒಸಿ ಇಸಕೊಂಡು, ಫಾರ್ಮ್ 35 ಜೊತೆ ಆರ್‌ಟಿಒಗೆ ಕೊಟ್ಟು ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ತೆಗೆಸಿ. ಅಲ್ಲಿಯವರೆಗೆ ದಾಖಲೆಯ ಮೇಲೆ ಕಾರಿನ ಮೇಲೆ ಅವರಿಗೂ ಹಕ್ಕಿದೆ. ಕಂತು ತಪ್ಪಿತು ಅಂತ ರಸ್ತೆಯಲ್ಲಿ ಅಡ್ಡಗಟ್ಟಿ ರೌಡಿಗಳ ಕೈಲಿ ಗಾಡಿ ಕಿತ್ತುಕೊಳ್ಳುವಂತಿಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಅದೂ ಗೊತ್ತಿರಲಿ.

ಕಾರು ಅಂದ್ರೆ ಬರೀ ಶೋಕಿ ಅಂತ ತಿಳಿದವನಲ್ಲ ನಾನು. ಸಂಡೂರಿನ ಹಳ್ಳಿಯಿಂದ ನಡುರಾತ್ರಿ ಎದೆನೋವಿನ ಅಮ್ಮನನ್ನು ಬಳ್ಳಾರಿ ಆಸ್ಪತ್ರೆಗೆ ಒಯ್ಯಬೇಕಾದ ಮಗನಿಗೆ ಕೇಳಿ, ಮನೆ ಮುಂದೆ ಕಾರು ಇರೋದು ಅಂದ್ರೇನು ಅಂತ. ಒಂದು ಕಾಲದಲ್ಲಿ ದೊರೆಯ ಕುದುರೆ ಮೆರವಣಿಗೆಯನ್ನು ದೂರ ನಿಂತು ನೋಡುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ಇವತ್ತು ಸ್ಟೀರಿಂಗ್ ಹಿಡಿದಿದ್ದಾರೆ. ಅದು ಸಣ್ಣ ಬದಲಾವಣೆ ಅಲ್ಲ, ಅದಕ್ಕೆ ಹೆಮ್ಮೆ ಪಡಬೇಕು. ಆ ಸ್ಟೀರಿಂಗ್ ಅವರ ಕೈಯಲ್ಲೇ ಉಳಿಯಲಿ ಅನ್ನೋದಷ್ಟೇ ನನ್ನ ಆಸೆ. ಅದಕ್ಕೇ ಹೇಳ್ತೀನಿ, ಸಹಿ ಹಾಕೋಕೆ ಮುಂಚೆ ಒಂದು ರಾತ್ರಿ ಮನೆಯವರನ್ನೆಲ್ಲ ಕೂರಿಸಿಕೊಂಡು ಕಾಗದದ ಮೇಲೆ ಲೆಕ್ಕ ಬರೀರಿ. ಆ ರಾತ್ರಿ ಮನೆಯ ಹೆಂಗಸರನ್ನೂ ಕೇಳಿ. ತಿಂಗಳ ಕೊನೆಗೆ ಡಬ್ಬಿಯಲ್ಲಿ ಎಷ್ಟು ಉಳಿಯುತ್ತೆ ಅನ್ನೋದು ನಿಜವಾಗಿ ಗೊತ್ತಿರೋದು ಅವರಿಗೇ.